ಅಹವಾಲು ಕೇಳಿ ಹೋದವರು ಉತ್ತರ ಹೇಳಲೂ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಯಾವುದೇ ಯೋಜನೆಗೆ ವಿರೋಧ ಎದ್ದಾಗ, ಅಥವಾ ಆರೋಗ್ಯ, ನೈರ್ಮಲ್ಯ, ಸುರಕ್ಷತೆಗೆ ಸಂಬಂಧಿಸಿದ ಸೂಚನೆಯೊಂದನ್ನು ಜನ ಪಾಲಿಸದೇ ಹೋದಾಗ, ಅಧಿಕಾರಿಗಳ ಸಭೆಗಳಲ್ಲಿ ತಪ್ಪದೇ ಕೇಳಿಬರುವ ಮಾತೊಂದಿದೆ: ‘ಜನರಲ್ಲಿ ಜಾಗೃತಿಯ ಕೊರತೆಯಿದೆ.’ ಅದಾದ ಮೇಲೆ ಕರಪತ್ರ ಮುದ್ರಣವಾಗುತ್ತದೆ, ಶಾಲಾ ಮಕ್ಕಳ ಜಾಥಾ ಹೊರಡುತ್ತದೆ, ಕಸದ ಗಾಡಿಯ ಧ್ವನಿವರ್ಧಕದಲ್ಲಿ ಹಾಡಿನ ನಡುವೆ ಇನ್ನೊಂದು ಸಂದೇಶ ಸೇರಿಕೊಳ್ಳುತ್ತದೆ. ಉತ್ತರ ಕನ್ನಡದ ಹಳ್ಳಿಗಳಲ್ಲಿ ಬುದ್ಧಿ ಹೇಳುವವರಿಗೆ ಎಂದೂ ಬರ ಬಂದಿಲ್ಲ. ಜನ ಕೇಳಿದ ಪ್ರಶ್ನೆಯನ್ನು ಕೇಳಿದ ರೀತಿಯಲ್ಲೇ ಬರೆದುಕೊಂಡು ಹೋಗಿ, ಅದಕ್ಕೊಂದು ಉತ್ತರ ಹಿಡಿದುಕೊಂಡು ಅದೇ ಊರಿಗೆ ಮರಳಿ ಬರುವವರು ಮಾತ್ರ ಬಹಳ ಕಡಿಮೆ. ಬಂದರು, ಅಣೆಕಟ್ಟು, ಹೆದ್ದಾರಿಯಂಥ ದೊಡ್ಡ ಯೋಜನೆಗಳಲ್ಲಿಯೂ, ಮಂಗನ ಕಾಯಿಲೆ ತಡೆಯಲು ಎಣ್ಣೆ ಹಚ್ಚಿಕೊಳ್ಳುವಂಥ ಸಣ್ಣ ಅಭ್ಯಾಸದ ವಿಷಯದಲ್ಲಿಯೂ ಕೆಲಸ ಕೆಡುತ್ತಿರುವುದು ಈ ಒಂದೇ ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲು, ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮುಂಚೆ ಸ್ಥಳೀಯರ ಮಾತು ಕೇಳಲು ಕರೆಯುವ ಸಾರ್ವಜನಿಕ ಅಹವಾಲು ಸಭೆಯ ವಿಷಯ. ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ನಡೆಯುವ ಈ ಸಭೆಯನ್ನು ನಮ್ಮಲ್ಲಿ ಬಹಳ ಮಂದಿ ಒಂದು ಶಾಸ್ತ್ರ ಎಂದೇ ತಿಳಿದಿದ್ದಾರೆ. ಆದರೆ ಆ ಅಧಿಸೂಚನೆಯನ್ನು ಕೈಯಲ್ಲಿ ಹಿಡಿದು ಓದಿದರೆ ಅದು ಅಷ್ಟೇನೂ ಬಡವಾಗಿಲ್ಲ. ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪತ್ರಿಕೆ ತಲುಪದ ಊರಿದ್ದರೆ ಡಂಗುರ ಹೊಡೆಸಿಯಾದರೂ ತಿಳಿಸಬೇಕು. ಕರಡು ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆಗಳಲ್ಲಿ ಓದಲು ಸಿಗಬೇಕು. ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಸಭೆಯ ಅಧ್ಯಕ್ಷತೆಯನ್ನು ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ವಹಿಸಬೇಕು. ಬಂದಿರುವ ಪ್ರತಿಯೊಬ್ಬರಿಗೂ ಯೋಜನೆಯವರಿಂದ ಮಾಹಿತಿ ಮತ್ತು ಸ್ಪಷ್ಟೀಕರಣ ಕೇಳುವ ಅವಕಾಶ ಇರಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಜನರಿಗೆ ಓದಿ ಹೇಳಿ, ಒಪ್ಪಿತವಾದ ನಡಾವಳಿಗೆ ಅದೇ ದಿನ ಸಹಿ ಆಗಬೇಕು. ಜನ ಎತ್ತಿದ ವಿಷಯಗಳು ಮತ್ತು ಅವಕ್ಕೆ ಯೋಜನೆಯವರ ಹೇಳಿಕೆ, ಇವೆರಡನ್ನೂ ಒಳಗೊಂಡ ಪಟ್ಟಿಯೊಂದು ಸ್ಥಳೀಯ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧವಾಗಬೇಕು. ನಡಾವಳಿಯು ಪಂಚಾಯಿತಿ ಕಚೇರಿಯಲ್ಲಿ ಎದ್ದು ಕಾಣುವಂತೆ ಪ್ರದರ್ಶನಗೊಳ್ಳಬೇಕು.

ಇಷ್ಟೆಲ್ಲ ಬರೆದಿಟ್ಟ ಮೇಲೂ ಸಭೆ ಹೇಗೆ ನಡೆಯುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿದವನಾಗಿ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಯೋಜನೆಯೊಂದರ ಅಹವಾಲು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಶಾಮಿಯಾನದ ಮುಂದೆ ಬ್ಯಾರಿಕೇಡ್, ಅದರ ಮುಂದೆ ಪೊಲೀಸರು, ಅದರಾಚೆ ವೇದಿಕೆ. ಮಾತನಾಡುವವರು ಹೆಸರು ನೋಂದಾಯಿಸಿ ಚೀಟಿ ಪಡೆದು ಸರದಿ ಕಾಯಬೇಕಿತ್ತು. ಮೀನು ಮಾರುವ ಮಹಿಳೆಯೊಬ್ಬರು ಮಧ್ಯಾಹ್ನದ ಹೊತ್ತಿಗೆ ಮೈಕ್ ಮುಂದೆ ನಿಂತು ಕೊಂಕಣಿಯಲ್ಲಿ ಮೂರು ಪ್ರಶ್ನೆ ಕೇಳಿದರು. ಮೀನು ಒಣಗಿಸುವ ಮರಳಿನ ದಂಡೆ ಗೋಡೆಯೊಳಗೆ ಹೋದರೆ ನಮಗೆ ಬೇರೆ ಜಾಗ ಎಲ್ಲಿ ಗುರುತಿಸಿದ್ದೀರಿ? ಬೆಳಗಿನ ಜಾವ ದೋಣಿ ದಡಕ್ಕೆ ಬರುವ ಹೊತ್ತಿಗೆ ಗೇಟು ತೆರೆದಿರುತ್ತದೆಯೇ, ಅದರ ಬೀಗ ಯಾರ ಕೈಯಲ್ಲಿ ಇರುತ್ತದೆ? ಕಲ್ಲಿನ ತಡೆಗೋಡೆ ಸಮುದ್ರದೊಳಕ್ಕೆ ಹೋದ ಮೇಲೆ ಅಲೆ ತೆಂಕಣ ಕೇರಿಯ ಮನೆಗಳತ್ತ ತಿರುಗಿದರೆ ಹೊಣೆ ಯಾರು? ದಾಖಲಿಸಿಕೊಳ್ಳುತ್ತಿದ್ದ ಸಿಬ್ಬಂದಿ ಲ್ಯಾಪ್‌ಟಾಪಿನ ಮೇಲೆ ಬೆರಳು ಹಿಡಿದು, ಪಕ್ಕದವರು ಕನ್ನಡದಲ್ಲಿ ಹೇಳುವುದನ್ನು ಕಾದು, ಒಂದು ಸಾಲು ಬರೆದುಕೊಂಡರು. ಸಂಜೆ ನಡಾವಳಿ ಓದುವಾಗ ಆ ಸಾಲು ಹೀಗಿತ್ತು: ಯೋಜನೆಯಿಂದ ಜೀವನೋಪಾಯಕ್ಕೆ ತೊಂದರೆಯಾಗುವುದೆಂದು ಆತಂಕ ವ್ಯಕ್ತಪಡಿಸಿದರು. ಅಷ್ಟು ಹೊತ್ತಿಗೆ ಆಕೆ ಮನೆಗೆ ಹೋಗಿಯಾಗಿತ್ತು. ಅರ್ಧದಷ್ಟು ಕುರ್ಚಿಗಳು ಖಾಲಿಯಿದ್ದವು.

ಆ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಡಲು ಸಾಧ್ಯವಿತ್ತು. ಜಾಗದ ಸರ್ವೆ ನಂಬರು, ಗೇಟಿನ ವೇಳೆ, ದಡ ಕೊರೆತದ ಅಧ್ಯಯನದ ಪುಟ, ಇಷ್ಟು ಹೇಳಿದ್ದರೆ ಸಾಕಿತ್ತು. ಉತ್ತರ ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಳ್ಳಬೇಕಿತ್ತು, ಅದೂ ಒಂದು ಮಾಹಿತಿಯೇ. ಆದರೆ ಪ್ರಶ್ನೆಯಾಗಿದ್ದದ್ದು ಕಡತಕ್ಕೆ ಇಳಿಯುವಾಗ ಆತಂಕವಾಯಿತು, ಆತಂಕಕ್ಕೆ ಉತ್ತರ ಯಾರೂ ಕೊಡಬೇಕಾಗಿಲ್ಲ, ಸಮಾಧಾನದ ಎರಡು ಮಾತು ಹೇಳಿದರೆ ಮುಗಿಯಿತು. ಅಂತಿಮ ವರದಿಯಲ್ಲಿ ‘ಸ್ಥಳೀಯರಿಗೆ ಉದ್ಯೋಗದಲ್ಲಿ ಆದ್ಯತೆ ನೀಡಲಾಗುವುದು’ ಎಂಬ ವಾಕ್ಯ ಸೇರುವುದು ಹೀಗೆ. ಮೀನು ಒಣಗಿಸುವ ಜಾಗ ಕೇಳಿದ ಹೆಂಗಸಿಗೆ ಕಾವಲುಗಾರನ ಕೆಲಸದ ಆಶ್ವಾಸನೆ ಯಾವ ಲೆಕ್ಕದಲ್ಲಿ ಉತ್ತರವಾಗುತ್ತದೆ ಎಂಬುದನ್ನು ಬಲ್ಲವರೇ ಹೇಳಬೇಕು.

ಅಧಿಸೂಚನೆಯಲ್ಲಿಯೂ ಒಂದು ದೊಡ್ಡ ಬಿರುಕು ಇದೆ. ಜನರ ಮಾತಿನ ಆಧಾರದ ಮೇಲೆ ವರದಿಯನ್ನು ತಿದ್ದಿ ಅಂತಿಮಗೊಳಿಸಬೇಕು ಎನ್ನುತ್ತದೆ ಅದು. ಹಾಗೆ ತಿದ್ದಿದ ವರದಿಯನ್ನು ಮತ್ತೆ ಆ ಜನರ ಮುಂದೆ ಇಟ್ಟು, ಇಂಥ ಪ್ರಶ್ನೆಗೆ ಇಂಥ ಬದಲಾವಣೆ ಮಾಡಿದ್ದೇವೆ, ಇಂಥದಕ್ಕೆ ಮಾಡಿಲ್ಲ, ಕಾರಣ ಇದು ಎಂದು ಹೇಳುವ ಎರಡನೆಯ ಸಭೆಯನ್ನು ಅದು ಕೇಳುವುದಿಲ್ಲ. ಕಡತ ಬೆಂಗಳೂರಿಗೋ ದಿಲ್ಲಿಗೋ ಹೋಗುತ್ತದೆ. ಊರಿಗೆ ಮುಂದೆ ಬರುವುದು ಜೆಸಿಬಿ. ಸಭೆಗೆ ಕನಿಷ್ಠ ಹಾಜರಾತಿಯ ನಿಯಮವೂ ಇಲ್ಲ. ನಮ್ಮ ಗ್ರಾಮಸಭೆ ಕೋರಂ ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ಸಾವಿರಾರು ಕೋಟಿಯ ಯೋಜನೆಯ ಅಹವಾಲು ಸಭೆಗೆ ಕೋರಂ ಬೇಕಾಗಿಲ್ಲ. ಇನ್ನು ಬಹುಪಾಲು ಯೋಜನೆಗಳಲ್ಲಿ ಈ ಸಭೆ ನಡೆಯುವಷ್ಟರಲ್ಲಿ ಜಾಗ ಗೊತ್ತಾಗಿ, ಒಪ್ಪಂದವಾಗಿ, ಮಂತ್ರಿಗಳ ಹೇಳಿಕೆಯೂ ಬಂದಿರುತ್ತದೆ. ಲಗ್ನಪತ್ರಿಕೆ ಹಂಚಿದ ಮೇಲೆ ಹೆಣ್ಣಿನ ಒಪ್ಪಿಗೆ ಕೇಳಿದಂತೆ ಇದು.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2020ರಲ್ಲಿ ಕೇಂದ್ರವು ಈ ಅಧಿಸೂಚನೆಯ ಹೊಸ ಕರಡನ್ನು ಪ್ರಕಟಿಸಿ, ಜನಾಭಿಪ್ರಾಯಕ್ಕೆ ಇದ್ದ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸಲು ಹೊರಟಾಗ, ಆ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸದೇ ಮುಂದುವರಿಯುವುದನ್ನು ಕರ್ನಾಟಕ ಹೈಕೋರ್ಟ್ ಆಗ ತಡೆಯಿತು. ಕನ್ನಡದಲ್ಲಿ ಬರಬೇಕು ಎಂದು ನಾವು ಕೇಳಿದ್ದು ನ್ಯಾಯವೇ. ಆದರೆ ಕಾರವಾರ, ಅಂಕೋಲಾದ ಮೀನುಗಾರ ಕೇರಿಗಳಲ್ಲಿ ಮನೆಮಾತು ಕೊಂಕಣಿ. ಭಟ್ಕಳದಲ್ಲಿ ನವಾಯತಿ ಇದೆ. ಹಾಲಕ್ಕಿ ಒಕ್ಕಲಿಗರ ಕನ್ನಡಕ್ಕೂ ಸರ್ಕಾರಿ ವರದಿಯ ಕನ್ನಡಕ್ಕೂ ನಡುವೆ ಒಂದು ಹೊಳೆಯಷ್ಟು ಅಂತರ ಇದೆ. ‘ಕರಾವಳಿ ನಿಯಂತ್ರಣ ವಲಯ’, ‘ಉಪಶಮನ ಕ್ರಮ’ ಎಂದು ಅಚ್ಚುಕಟ್ಟಾಗಿ ಅನುವಾದ ಮಾಡಿದ ಸಾರಾಂಶ ಕನ್ನಡದ್ದೇ ಆದರೂ ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಪದವೀಧರರು ಮಾತ್ರ. ಆಗಸ್ಟ್ ತಿಂಗಳಿನಲ್ಲಿ ಸಭೆ ಇಡುವುದಂತೂ ಇನ್ನೊಂದು ಅನ್ಯಾಯ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು, ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಎರಡು ತಿಂಗಳ ಸಾಲ ತೀರಿಸಲು ದೋಣಿಗಳು ನೀರಿಗಿಳಿಯುವ ಹೊತ್ತು ಅದು. ಆ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟು, ‘ನಿಜವಾದ ಮೀನುಗಾರರು ಬಂದಿರಲಿಲ್ಲ, ಬಂದವರು ಮುಖಂಡರು ಮಾತ್ರ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ನಮ್ಮ ಜಿಲ್ಲೆಯ ಜನಕ್ಕೆ ಸರ್ಕಾರದ ಮಾತಿನ ಮೇಲೆ ವಿಶ್ವಾಸ ಕಡಿಮೆ ಎಂದು ದೂರುವವರು ಅದರ ಚರಿತ್ರೆಯನ್ನೂ ನೆನಪಿಸಿಕೊಳ್ಳಬೇಕು. 1986ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರದಿಂದ ಅಂಕೋಲಾದವರೆಗಿನ ಕಡಲಂಚಿನ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದುಹೋದವು. ಹೆಚ್ಚುವರಿ ಪರಿಹಾರದ ಪ್ರಕರಣಗಳು ತಂದೆಯ ಕಾಲದಲ್ಲಿ ಆರಂಭವಾಗಿ ಮಕ್ಕಳ ಕಾಲದವರೆಗೂ ನ್ಯಾಯಾಲಯಗಳಲ್ಲಿ ಎಳೆದಾಡಿದವು. ದೇಶದ ರಕ್ಷಣೆಯ ವಿಷಯದಲ್ಲಿ ಇಲ್ಲಿಯ ಜನ ತಕರಾರು ತೆಗೆದವರಲ್ಲ. ಆದರೆ ಕೊಟ್ಟ ಮಾತಿನ ಹಿಂದೆ ಎಷ್ಟು ವರ್ಷ ಅಲೆಯಬೇಕಾಗುತ್ತದೆ ಎಂಬುದನ್ನು ಅವರು ಆಗ ಕಲಿತರು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಗಾಗಿ ಟ್ಯಾಗೋರ್ ಕಡಲತೀರದ ಬಳಿ ಕೆಲಸ ಆರಂಭವಾದಾಗ ಊರು ಬಂದ್ ಆಗಿ, ಮೀನುಗಾರರು ಬೀದಿಗಿಳಿದು, ಕೊನೆಗೆ ಹೈಕೋರ್ಟ್ ತಡೆಯಾಜ್ಞೆ ಬಂದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿಯೂ, ಅಂಕೋಲಾದ ಕೇಣಿಯಲ್ಲಿಯೂ ಬಂದರಿನ ಹೆಸರು ಎತ್ತಿದರೆ ಜನ ಸಿಡಿದೇಳುವುದಕ್ಕೆ ಯಾರದೋ ಕುಮ್ಮಕ್ಕು ಹುಡುಕುವ ಅಗತ್ಯವಿಲ್ಲ, ನೆನಪೇ ಸಾಕು.

ಇದರ ಇನ್ನೊಂದು ಮಗ್ಗುಲನ್ನು ಮಂಗನ ಕಾಯಿಲೆ ತೋರಿಸುತ್ತದೆ. ಇಲ್ಲಿ ಜನರಿಗೂ ಇಲಾಖೆಗೂ ಹಿತ ಒಂದೇ. ಯಾರ ಜಮೀನೂ ಹೋಗುವುದಿಲ್ಲ, ಯಾರ ದೋಣಿಯೂ ನಿಲ್ಲುವುದಿಲ್ಲ. ಹಾಗಿದ್ದರೂ ಮಾತು ನಾಟುತ್ತಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ನಮ್ಮ ಸಿದ್ದಾಪುರ ತಾಲೂಕನ್ನು ಮತ್ತೆ ಮತ್ತೆ ಕಾಡಿದೆ. 2024ರಲ್ಲಿ ಅಲ್ಲಿ ಸಾವುಗಳೂ ಆದವು. ಉಣುಗು ಕಚ್ಚುವುದರಿಂದ ರೋಗ ಬರುತ್ತದೆ ಎಂಬುದು ಆ ಭಾಗದ ಚಿಕ್ಕ ಮಕ್ಕಳಿಗೂ ಗೊತ್ತು. ಆದ್ದರಿಂದ ‘ಜಾಗೃತಿಯ ಕೊರತೆ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಇಲಾಖೆಯ ಸೂಚನೆ ಏನೆಂದರೆ, ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಧರಿಸಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ರೋಗದ ಹಂಗಾಮು ಸುಮಾರಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ವರ್ಷವಿಡೀ ಬೇಕಾಗುವ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಬೆಟ್ಟದಿಂದ ಗುಡಿಸಿ ತರುವ ಹಂಗಾಮೂ ಅದೇ. ಸೊಪ್ಪಿನ ಬೆಟ್ಟಕ್ಕೆ ಹೋಗಬೇಡಿ ಎಂದು ಅಲ್ಲಿಯ ಕೂಲಿಕಾರ್ತಿಗೆ ಹೇಳುವುದೆಂದರೆ ಆ ದಿನದ ಸಂಬಳ ಬಿಡಿ ಎಂದು ಹೇಳಿದಂತೆ.

ಸಿದ್ದಾಪುರ ತಾಲೂಕಿನ ನಮ್ಮ ಸಂಬಂಧಿಕರ ಊರಿನಲ್ಲಿ ದರಕು ಗುಡಿಸಲು ಹೋಗುವ ಮಹಿಳೆಯೊಬ್ಬರ ಮನೆಯಲ್ಲಿ ಆ ಎಣ್ಣೆಯ ಬಾಟಲಿಯನ್ನು ನಾನು ನೋಡಿದೆ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ, ದನದ ಹುಣ್ಣಿಗೆ ಹಚ್ಚುವ ಮದ್ದಿನ ಪಕ್ಕದಲ್ಲಿ, ಕಾಲು ಭಾಗವೂ ಖರ್ಚಾಗದೇ ಧೂಳು ಹಿಡಿದಿತ್ತು. ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂದು ಕೇಳಿದರೆ ಆಕೆ ನಗುತ್ತಾ, “ಹಚ್ಚಿಕೊಂಡ ಕೈಯಲ್ಲೇ ಹಾಲು ಕರೀಲಕ್ಕಾ ರಾಯರೇ? ಬೆವರು ಇಳಿದ ಮೇಲೆ ಮತ್ತೆ ಹಚ್ಚಬೇಕಾ? ಎಷ್ಟು ತಾಸಿಗೊಂದ್ಸಲ? ಆಶಾ ಅಕ್ಕನ ಹತ್ರ ಕೇಳಿದ್ದೆ, ಮೇಲೆ ಕೇಳಿ ಹೇಳ್ತೆ ಅಂದಿದ್ದಳು” ಎಂದರು. ಆಶಾ ಕಾರ್ಯಕರ್ತೆಯನ್ನೂ ವಿಚಾರಿಸಿದೆ. ಅವರು ಮೇಲಿನ ಸಭೆಯಲ್ಲಿ ಕೇಳಿದ್ದು ನಿಜ. ಆದರೆ ಅಲ್ಲಿ ಅವರಿಂದ ತೆಗೆದುಕೊಂಡದ್ದು ಎಷ್ಟು ಬಾಟಲಿ ಹಂಚಿದ್ದೀರಿ ಎಂಬ ಲೆಕ್ಕವನ್ನು ಮಾತ್ರ. ಎಷ್ಟು ಬಾಟಲಿ ಖಾಲಿಯಾಗಿದೆ ಎಂದು ಯಾರೂ ಕೇಳಲಿಲ್ಲ, ಆ ಹಾಲು ಕರೆಯುವ ಪ್ರಶ್ನೆಗೆ ಉತ್ತರವೂ ಬರಲಿಲ್ಲ.

ಲಸಿಕೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಹಾನಿಯಾಯಿತು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಅದಾದ ಮೇಲೆ ವರ್ಷ ವರ್ಷವೂ ಬೂಸ್ಟರ್ ಎಂದು ದಶಕಗಳ ಕಾಲ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದರು. ನೋವು ಹೆಚ್ಚು ಎಂದು ಹಿಂಜರಿದವರನ್ನು ಮೂಢರು ಎಂದು ಗದರಿದವರೂ ಇದ್ದರು. 2022ರಲ್ಲಿ, ಪರಿಣಾಮ ಸಾಲದು ಎಂಬ ಕಾರಣಕ್ಕೆ, ಆ ಲಸಿಕೆಯೇ ನಿಂತುಹೋಯಿತು. ವಿಜ್ಞಾನ ತನ್ನನ್ನು ತಿದ್ದಿಕೊಳ್ಳುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಲಸಿಕೆ ಹಾಕಿಸಿಕೊಳ್ಳಿ ಎನ್ನಲು ಬಂದಿದ್ದವರು, ಯಾಕೆ ನಿಲ್ಲಿಸಿದೆವು, ಹಿಂದೆ ಹಾಕಿಸಿಕೊಂಡವರು ಈಗ ಏನು ತಿಳಿಯಬೇಕು ಎಂದು ಹೇಳಲು ನಾನು ಬಲ್ಲ ಊರುಗಳಿಗೆ ಬರಲಿಲ್ಲ. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅದು ಬಂದ ದಿನ ಜನ ತೋಳು ಚಾಚದಿದ್ದರೆ ಮತ್ತೆ ಜಾಗೃತಿಯ ಕೊರತೆ ಎನ್ನಲಾದೀತೇ? ಸತ್ತ ಮಂಗದ ಸುದ್ದಿ ಕೊಡಬೇಕು ಎಂಬ ಸೂಚನೆಯದ್ದೂ ಇದೇ ಕಥೆ. ಸುದ್ದಿ ಕೊಟ್ಟರೆ ಇಲಾಖೆಯವರು ಬಂದು ಸುತ್ತ ಐವತ್ತು ಮೀಟರ್ ಔಷಧ ಪುಡಿ ಎರಚಿ, ಮಾದರಿ ತೆಗೆದುಕೊಂಡು ಹೋಗುತ್ತಾರೆ. ಆ ಮಂಗಕ್ಕೆ ರೋಗ ಇತ್ತೋ ಇಲ್ಲವೋ ಎಂಬ ಪರೀಕ್ಷೆಯ ಫಲಿತಾಂಶ ಸುದ್ದಿ ಕೊಟ್ಟವನಿಗೆ ತಲುಪಿದರೆ ಮುಂದಿನ ಸಲವೂ ಅವನು ಫೋನ್ ಮಾಡುತ್ತಾನೆ.

ಹಾಗಾದರೆ ನಮ್ಮ ಜನ ಹೊಸದನ್ನು ಒಪ್ಪಿಕೊಂಡದ್ದೇ ಇಲ್ಲವೇ? ಶಿರಸಿಯ ಗೋಬರ್ ಗ್ಯಾಸ್ ಕಥೆಯನ್ನು ನೆನಪು ಮಾಡಿಕೊಡುತ್ತೇನೆ. ದೇಶದ ಹಲವೆಡೆ ಸಬ್ಸಿಡಿಗಾಗಿ ಕಟ್ಟಿದ ಗೋಬರ್ ಗ್ಯಾಸ್ ಗುಂಡಿಗಳು ಒಂದೆರಡು ವರ್ಷದಲ್ಲಿ ಪಾಳುಬಿದ್ದ ಕಾಲದಲ್ಲಿ, ಶಿರಸಿ ತಾಲೂಕಿನ ಹಳ್ಳಿಗಳಲ್ಲಿ ಕಟ್ಟಿದವು ಹೆಚ್ಚುಕಡಿಮೆ ಎಲ್ಲವೂ ಉರಿಯುತ್ತಿದ್ದವು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಕೊಟ್ಟಿಗೆಯಲ್ಲಿ ದನ ಇದ್ದವು, ಗುಂಡಿಯಿಂದ ಬಂದ ಸ್ಲರಿ ಅಡಿಕೆ ತೋಟಕ್ಕೆ ಬೇಕಿತ್ತು, ಹೊಗೆ ತಪ್ಪಿದ್ದು ಹೆಂಗಸರಿಗೆ ನೆಮ್ಮದಿಯಾಗಿತ್ತು, ಇದೆಲ್ಲ ನಿಜ. ಆದರೆ ಅಷ್ಟೇ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಗುಂಡಿ ಕಟ್ಟುವವರ ನಡುವೆ ಪೈಪೋಟಿ ಇತ್ತು, ಕಟ್ಟಿದವರು ದುರಸ್ತಿಯ ಖಾತರಿ ಕೊಟ್ಟಿದ್ದರು, ಕರೆದರೆ ಬರುತ್ತಿದ್ದರು. ಬರ್ನರ್ ಕಟ್ಟಿಕೊಂಡಿತು, ಪೈಪಿನಲ್ಲಿ ನೀರು ನಿಂತಿತು ಎಂದರೆ ನೋಡಲು ಒಬ್ಬ ಬರುವವನಿದ್ದ. ಪಕ್ಕದ ಮನೆಯವರು ಅದನ್ನು ನೋಡಿಯೇ ತಮ್ಮ ಅಂಗಳದಲ್ಲೂ ಗುಂಡಿ ತೋಡಿಸಿದರು. ಅಲ್ಲಿ ಯಾವ ಜಾಥಾದ ಅಗತ್ಯವೂ ಬೀಳಲಿಲ್ಲ. ಹೊಗೆ ಕೊಳವೆಯ ಅಸ್ತ್ರ ಒಲೆಯ ವಿಷಯದಲ್ಲಿಯೂ ಹಾಗೆಯೇ. ಅದನ್ನು ಹಾಕಿಕೊಡುವವನು ಮನೆಯ ಪಾತ್ರೆಯ ಅಳತೆ ನೋಡಿ ಒಲೆಯ ಬಾಯಿ ಮಾಡಿಕೊಡುತ್ತಿದ್ದ.

ಅದೇ ನೆಲದಲ್ಲಿ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ಅಪ್ಪಿಕೋ ಚಳವಳಿ ಆರಂಭವಾಯಿತು. ಮರ ತಬ್ಬಿಕೊಂಡದ್ದು ಎಲ್ಲರಿಗೂ ಗೊತ್ತು; ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಬೀದಿನಾಟಕಗಳ ಮೂಲಕ ‘ಉಳಿಸು, ಬೆಳೆಸು, ಬಳಸು’ ಎಂದು ಊರೂರು ತಿರುಗಿದ ಆ ಕೆಲಸ, ಸೌದೆಯನ್ನು ಹೇಗೆ ಕಡಿಮೆ ಉರಿಸಬೇಕು ಎಂಬಲ್ಲಿಯವರೆಗೆ ಹೋಗಿತ್ತು ಎಂಬುದನ್ನು ಮರೆತಿದ್ದೇವೆ. ಅದಕ್ಕೂ ಮುಂಚೆ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ, 1981ರ ಜನವರಿಯಲ್ಲಿ, ಶಿರಸಿಯ ತೋಟಗಾರರ ಸಹಕಾರಿ ಸಂಘ ಮುಂದೆ ನಿಂತು ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಎಂಜಿನಿಯರುಗಳನ್ನು ಊರಿಗೇ ಕರೆಸಿ ಯೋಜನೆಯ ಲಾಭ ನಷ್ಟದ ಲೆಕ್ಕವನ್ನು ಜನರೆದುರು ಬಿಡಿಸಿತ್ತು. ಸರ್ಕಾರ ಮಾಡಬೇಕಿದ್ದ ಅಹವಾಲು ಸಭೆಯನ್ನು, ಅಂಥದೊಂದು ಕಾನೂನು ಇಲ್ಲದ ಕಾಲದಲ್ಲಿ, ಅಡಿಕೆ ಬೆಳೆಗಾರರೇ ನಡೆಸಿದ್ದರು. ಯೋಜನೆ ಕೈಬಿಟ್ಟುಹೋಯಿತು. ಈಗ ಬೇಡ್ತಿಯ ನೀರನ್ನು ವರದಾ ನದಿಗೆ ಹರಿಸುವ ಬೇಡ್ತಿ-ವರದಾ ಜೋಡಣೆಯ ಮಾತು ಎದ್ದಿದೆ. ಅಂದಿನ ಮಟ್ಟದ ಲೆಕ್ಕವನ್ನು ಯೋಜನೆ ಬೇಕೆನ್ನುವವರೂ ಬೇಡವೆನ್ನುವವರೂ ಒಂದೇ ಮೇಜಿನ ಮೇಲೆ ಇಡುವುದನ್ನು ನಾನಿನ್ನೂ ಕಂಡಿಲ್ಲ. ನೀರು ಬೇಕೆಂದು ಕೇಳುವ ಹಾವೇರಿ ಕಡೆಯ ರೈತರೂ ಜನರೇ ಎಂಬುದನ್ನು ಘಟ್ಟದ ನಾವೂ ಕರಾವಳಿಯ ನಾವೂ ಒಪ್ಪಬೇಕಾಗುತ್ತದೆ.

ಜನ ಎಂದರೆ ಒಂದೇ ದನಿ ಎಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಬೇಕು ಎನ್ನುವವರೂ, ಅದರಿಂದ ಕಾಡು ಹೋಗುತ್ತದೆ ಎನ್ನುವವರೂ ಇದೇ ಜಿಲ್ಲೆಯವರು. ಮೀನುಗಾರರಲ್ಲಿಯೂ ಪರ್ಸಿನ್ ಬೋಟಿನ ಮಾಲೀಕರ ಮಾತು ಬೇರೆ, ಪಾತಿ ದೋಣಿಯವರ, ದಡದಿಂದ ರಂಪಣಿ ಬಲೆ ಎಳೆಯುವವರ ಮಾತು ಬೇರೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮಂಡಿಯುದ್ದದ ನೀರಿಗಿಳಿದು ಬಳಚು (ಚಿಪ್ಪುಮೀನು) ಆರಿಸುವ ಮಹಿಳೆಯರು ಯಾವ ಸಂಘದ ಪಟ್ಟಿಯಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ಆ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು ಎಂದು ನಾವೆಲ್ಲ ಸಂತೋಷಪಟ್ಟೆವು. ಅದರಿಂದ ಗಜನಿಯ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವನಿಗೆ ಏನು ಬದಲಾಗುತ್ತದೆ, ಬಳಚು ಆರಿಸಲು ಅಡ್ಡಿ ಇದೆಯೋ ಇಲ್ಲವೋ ಎಂಬುದನ್ನು ಅವರಿಗೆ ಕುಳಿತು ಹೇಳಿದವರು ಎಷ್ಟು ಜನ? ಅಹವಾಲು ಸಭೆಗೆ ಸಂಘದ ಅಧ್ಯಕ್ಷರೊಬ್ಬರನ್ನು ಕರೆದರೆ ಸಮುದಾಯವನ್ನು ಕರೆದಂತಾಗುವುದಿಲ್ಲ. ಹಾಗೆಯೇ ಜನರ ಕಡೆಯ ತಪ್ಪುಗಳೂ ಇವೆ. ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದರೂ ರಾತ್ರಿ ದಡದಲ್ಲಿ ನಿಂತವರಿಗೆ ದೂರದ ದೀಪಗಳು ಕಾಣುತ್ತವೆ. ಅದೇ ಮೀನುಗಾರರು ಮಳೆಗಾಲದ ನಿಷೇಧವನ್ನು ಬಹುಮಟ್ಟಿಗೆ ಪಾಲಿಸುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಕಡಲ ತಂಟೆಗೆ ಹೋಗಬಾರದು ಎಂಬುದು ಸರ್ಕಾರ ಹುಟ್ಟುವ ಮೊದಲೇ ಕೇರಿಯ ಕಟ್ಟುಪಾಡಾಗಿತ್ತು.

ಅಂಕೋಲಾ ತಾಲೂಕಿನ ಶಿರೂರಿನ ಮಾತನ್ನು ಹೇಳದೇ ಇರಲಾಗುವುದಿಲ್ಲ. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಗಂಗಾವಳಿಯ ಆಚೆ ದಡದ ಉಳುವರೆಯವರೆಗೂ ನೀರು ನುಗ್ಗಿ ಜೀವಗಳು ಹೋದ ಮೇಲೆ, ಭೂವಿಜ್ಞಾನಿಗಳು ಬಂದು ಅಪಾಯದ ಗುಡ್ಡಗಳನ್ನು ನೋಡಿ ಹೋದರು. ಈಗ ಪ್ರತಿ ಮಳೆಗಾಲ ಕಡಿದ ಗುಡ್ಡದ ಕೆಳಗಿನ ಮನೆಗಳಿಗೆ, ಕಾಳಜಿ ಕೇಂದ್ರಕ್ಕೆ ಹೋಗಿ ಎಂಬ ನೋಟಿಸು ಬರುತ್ತದೆ. ಮನೆಯವರ ಪ್ರಶ್ನೆಗಳು ಎರಡೇ: ನಮ್ಮ ಹಿಂದಿನ ಗುಡ್ಡದ ಬಗ್ಗೆ ವರದಿಯಲ್ಲಿ ಏನು ಬರೆದಿದೆ, ಮತ್ತು ದನಗಳನ್ನು ಎಲ್ಲಿ ಕಟ್ಟಬೇಕು? ಈ ಎರಡಕ್ಕೂ ಉತ್ತರ ಇಲ್ಲದ ನೋಟಿಸನ್ನು ಕೊಟ್ಟು ಸಹಿ ಹಾಕಿಸಿಕೊಂಡು ಹೋದರೆ ಇಲಾಖೆಯ ಹೊಣೆ ಇಳಿಯಬಹುದು, ಗುಡ್ಡದ ಕೆಳಗಿನವರು ಏಳುವುದಿಲ್ಲ.

ಪ್ರತಿ ಊರಿಗೂ ಎರಡೆರಡು ಸಲ ಹೋಗಲು ಸಿಬ್ಬಂದಿ ಎಲ್ಲಿ, ವೇಳೆ ಎಲ್ಲಿ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಅಧಿಕಾರಿಗಳ ವರ್ಗಾವಣೆಯೂ ಬೇಗ ಬೇಗ ಆಗುತ್ತದೆ. ಪ್ರಶ್ನೆ ಕೇಳಿಸಿಕೊಂಡವರು ಉತ್ತರ ಹೇಳುವ ಹೊತ್ತಿಗೆ ಬೇರೆ ಜಿಲ್ಲೆಯಲ್ಲಿರುತ್ತಾರೆ. ಆದ್ದರಿಂದಲೇ ಉತ್ತರವು ವ್ಯಕ್ತಿಯ ನೆನಪಿನಲ್ಲಿ ಇರಬಾರದು, ಪಂಚಾಯಿತಿಯ ಪುಸ್ತಕದಲ್ಲಿ ಇರಬೇಕು. ಹೊಸ ವ್ಯವಸ್ಥೆಯೇನೂ ಬೇಕಾಗಿಲ್ಲ. ಗ್ರಾಮಸಭೆ, ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಗ್ರಾಮದಲ್ಲಿ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿದೆ. ಆ ಸಮಿತಿ ಕಾಗದದ ಮೇಲೆ ಇದ್ದಲ್ಲಿ ಅಂಗಳದಲ್ಲಿ ನಲ್ಲಿ ನಿಂತಿದೆ, ನೀರು ಬಂದಿಲ್ಲ. ಈ ಸಭೆಗಳ ಮೊದಲ ಅರ್ಧ ಗಂಟೆಯನ್ನು ಹಿಂದಿನ ಸಭೆಯಲ್ಲಿ ಕೇಳಿದ ಪ್ರಶ್ನೆಗಳ ಉತ್ತರಕ್ಕೆ ಮೀಸಲಿಡಲು ಒಂದು ಸುತ್ತೋಲೆ ಸಾಕು.

ಅಹವಾಲು ಸಭೆಗಳ ಮಟ್ಟಿಗೆ ಜಿಲ್ಲಾಡಳಿತವನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ನಾನು ಕೇಳಿಕೊಳ್ಳುವುದು ಇಷ್ಟು. ಮಾತನಾಡಿದವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲು, ಕರಾವಳಿಯಲ್ಲಿ ಕೊಂಕಣಿ ಬಲ್ಲವರೊಬ್ಬರನ್ನು ದಾಖಲಿಸುವ ಮೇಜಿನಲ್ಲಿ ಕೂರಿಸಬೇಕು. ಮೀನುಗಾರಿಕೆ ಶುರುವಾಗುವ ಆಗಸ್ಟ್, ಅಡಿಕೆಯ ಕೊನೆಕೊಯ್ಲಿನ ಚಳಿಗಾಲ, ಇವೆರಡನ್ನು ತಪ್ಪಿಸಿ ಸಭೆಯ ದಿನ ಗೊತ್ತು ಮಾಡಬೇಕು. ನಡಾವಳಿಯನ್ನು ಕೊನೆಯವರೆಗೆ ಕೂಡಿಡದೇ, ಊಟಕ್ಕೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ಓದಬೇಕು. ಅಂತಿಮ ವರದಿ ಸಿದ್ಧವಾದ ಮೇಲೆ, ಕಾನೂನು ಕೇಳದಿದ್ದರೂ, ಅದೇ ಊರಿನಲ್ಲಿ ಅದೇ ಜನರಿಗೆ ಪ್ರಶ್ನೆವಾರು ಉತ್ತರ ಓದಿ ಹೇಳುವ ಸಭೆಯೊಂದನ್ನು ನಡೆಸುವಂತೆ ಯೋಜನೆಯವರಿಗೆ ಜಿಲ್ಲಾಧಿಕಾರಿಗಳು ಸೂಚಿಸಲು ಯಾವ ಅಡ್ಡಿಯೂ ಇಲ್ಲ. ಆರೋಗ್ಯ ಇಲಾಖೆ ಮುಂದಿನ ದರಕಿನ ಹಂಗಾಮಿಗೆ ಮೊದಲು ಸಿದ್ದಾಪುರ, ಶಿರಸಿ, ಹೊನ್ನಾವರದ ಆಶಾ ಕಾರ್ಯಕರ್ತೆಯರ ಹತ್ತಿರ ಇರುವ ಪ್ರಶ್ನೆಗಳನ್ನೆಲ್ಲ ತರಿಸಿಕೊಂಡು, ಎಣ್ಣೆಯ ಬಾಟಲಿಯ ಜೊತೆ ಉತ್ತರದ ಹಾಳೆಯನ್ನೂ ಕಳಿಸಲಿ.

ತಮ್ಮ ಪತ್ರಿಕೆಯಿಂದಲೂ ಒಂದು ಉಪಕಾರ ಆಗಬೇಕಾಗಿದೆ. ಅಹವಾಲು ಸಭೆಯ ಪ್ರಕಟಣೆಗಳು ಕಾಲು ಪುಟದ ಜಾಹೀರಾತಾಗಿ ಪತ್ರಿಕೆಗಳಲ್ಲಿ ಬರುತ್ತವೆ. ಸಭೆಯ ದಿನ ವರದಿಗಾರರು ಬಂದು ಗದ್ದಲದ ಚಿತ್ರವನ್ನೂ ಹಾಕುತ್ತಾರೆ. ಅದಾಗಿ ಆರು ತಿಂಗಳಿಗೆ ಆ ಊರಿಗೆ ಇನ್ನೊಮ್ಮೆ ವರದಿಗಾರರನ್ನು ಕಳಿಸಿ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ನಡಾವಳಿ ಇದೆಯೋ, ಇದ್ದರೆ ಯಾವ ಪ್ರಶ್ನೆಗೆ ಯಾವ ಉತ್ತರ ಬಂದಿದೆ ಎಂಬುದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಆ ಪಟ್ಟಿಯನ್ನು ಪ್ರಕಟಿಸುವ ಖರ್ಚನ್ನು, ಮೊದಲ ಪ್ರಕಟಣೆಯ ಖರ್ಚಿನಂತೆಯೇ, ಯೋಜನೆಯವರ ಮೇಲೆ ಹಾಕುವ ವಿಷಯದಲ್ಲಿ ಜಿಲ್ಲಾಡಳಿತದ ನಿಲುವು ಏನು ಎಂಬುದನ್ನೂ ಕೇಳಿ ಬರೆಯಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ಖಾಯಂ ಓದುಗ,
ಕುಮಟಾ